ಹಳೆಯ ಕತ್ತಿ ಒರೆಯೊಳಗೆ ಕೆಡುತ್ತದೆ

ಹಳೆಯ ಸೈನಿಕ ಕತ್ತಿ, ಬಾಕುಗಳನ್ನು ಚರ್ಮದ ಒರೆಯಲ್ಲೇ ವರ್ಷಗಟ್ಟಲೆ ಇಡಬೇಡಿ. ಚರ್ಮ ಗಾಳಿಯ ತೇವ ಹೀರುತ್ತದೆ. ಹದ ಮಾಡಿದಾಗ ಉಳಿದ ಆಮ್ಲ, ಲವಣಗಳು ಆ ತೇವದೊಡನೆ ಸೇರಿ ಅಲಗನ್ನು ತಿನ್ನುತ್ತವೆ. ಒರೆಯ ಹಿತ್ತಾಳೆ ಪಟ್ಟಿಗಳ ಅಂಚಿನಲ್ಲಿ ಹಸಿರು ಕಿಲುಬು ಕಟ್ಟುವುದಕ್ಕೂ ಚರ್ಮದ ಕೊಬ್ಬೇ ಕಾರಣ. ಕತ್ತಿ, ಒರೆ ಎರಡನ್ನೂ ಬೇರೆಬೇರೆಯಾಗಿ ಅಕ್ಕಪಕ್ಕ ಇಡಿ. ಕೋಣೆಯ ಆರ್ದ್ರತೆ ಶೇ. 45ರಿಂದ 50ರ ನಡುವೆ ಸ್ಥಿರವಾಗಿರಲಿ. ತೀರಾ ಒಣಗಿದರೆ ಚರ್ಮ ಬಿರಿಯುತ್ತದೆ.

ಪುಡಿಯಾಗಿ ಉದುರುವ ಕೆಂಪು ತುಕ್ಕನ್ನು ಮಾತ್ರ ತೆಗೆಯಿರಿ. ತೆಳು ಯಂತ್ರದೆಣ್ಣೆ ಹಚ್ಚಿ, ಒಂದು ದಿನ ನೆನೆಯಬಿಟ್ಟು, 0000 ದರ್ಜೆಯ, ಅಂದರೆ ಅತಿ ನಯವಾದ, ಉಕ್ಕಿನ ನಾರಿನಿಂದ ಅಲಗಿನ ಉದ್ದಕ್ಕೆ ಮೆಲ್ಲಗೆ ಉಜ್ಜಿ. ಗಟ್ಟಿಯಾಗಿ ಕೂತ ಕಂದುಗಪ್ಪು ಪದರವನ್ನು ಮುಟ್ಟಬೇಡಿ. ಪಾಲಿಶ್ ಚಕ್ರಕ್ಕಂತೂ ಕೊಡಲೇಬೇಡಿ! 1897ರ ಮಾದರಿಯ ಬ್ರಿಟಿಷ್ ಕಾಲಾಳು ಅಧಿಕಾರಿಗಳ ಕತ್ತಿಯಲ್ಲಿ ಆಮ್ಲದಿಂದ ಕೊರೆದ ರಾಜಲಾಂಛನ ಬಹಳ ತೆಳು. ಒಮ್ಮೆ ಅಳಿಸಿಹೋದರೆ ಮತ್ತೆ ಬಾರದು. ವಿಲ್ಕಿನ್ಸನ್ ಕಂಪನಿಯ ಅಧಿಕಾರಿ ಕತ್ತಿಗಳಲ್ಲಿ ಹಿಡಿಯ ಹತ್ತಿರ ಅಲಗಿನ ಬೆನ್ನಿನ ಮೇಲೆ ಸಾಮಾನ್ಯವಾಗಿ ಕ್ರಮಸಂಖ್ಯೆ ಇರುತ್ತದೆ. ತಯಾರಾದ ವರ್ಷ ತಿಳಿಯಲು ಅದೇ ದಾರಿ, ಹಾಗಾಗಿ ಆ ಜಾಗಕ್ಕೆ ಉಜ್ಜು ತಾಗಿಸಬಾರದು. ಜಪಾನೀ ಕತ್ತಿಯಾದರೆ ಹಿಡಿಯೊಳಗಿನ ಬಾಲದ ಕಪ್ಪು ತುಕ್ಕನ್ನು ಎಂದೂ ತೆಗೆಯಬೇಡಿ: ಪರಿಣತರು ವಯಸ್ಸು ಅಂದಾಜಿಸುವಾಗ ಅದನ್ನೇ ನೋಡುತ್ತಾರೆ.

ಬೆರಳಿನ ಬೆವರಿನ ಉಪ್ಪು ಸಾಕು, ಗುರುತು ಕೂರಲು. ಕೈಗವಸು ಹಾಕಿಯೇ ಹಿಡಿಯಿರಿ. ಕೊನೆಗೆ ಸ್ಪಿರಿಟ್‌ನಿಂದ ಎಣ್ಣೆ ಒರೆಸಿ, ಮೈಕ್ರೋಕ್ರಿಸ್ಟಲೈನ್ ಮೇಣವನ್ನು (ಪೆಟ್ರೋಲಿಯಂನಿಂದ ತೆಗೆದ ನಯವಾದ ಮೇಣ) ತೆಳುವಾಗಿ ಸವರಿ.