ಇದರಿಂದ ನಿಮಗೇನು ಸಿಗುತ್ತೆ?

ಜನರಿಗೆ ಆಕಾಶ ತೋರಿಸೋಣ ಅಂತ ಟೆಲಿಸ್ಕೋಪ್ ಹೊತ್ತು ಹೋದ ಕಡೆಯೆಲ್ಲ ಇದೇ ಪ್ರಶ್ನೆ. ಅದಕ್ಕೊಂದು ಬಾಲಂಗೋಚಿ ಬೇರೆ: "ಸಂಬಳ ತಗೊಳ್ಳೋ ವಿಜ್ಞಾನಿಗಳಿದ್ದಾರಲ್ಲ ಸರ್, ಅವರೇ ತೋರಿಸ್ಲಿ ಬಿಡಿ." ಹೇಳಿ ಹೇಳಿ ಸಾಕಾಗಿದೆ. ಒಂದು ಸಲ ಬರೆದಿಡುತ್ತೇನೆ.

ಏನೂ ಸಿಗುವುದಿಲ್ಲ. ಪೆಟ್ರೋಲ್ ನನ್ನದು, ಸೊಂಟ ನೋವೂ ನನ್ನದೇ.

ವಿಜ್ಞಾನಿಗಳ ವಿಷಯ. ನಿಮಗೆ ಶನಿ ನೋಡಲು ಬೇಕಾದ ಮೋಡವಿಲ್ಲದ ರಾತ್ರಿಯೇ ಅವರಿಗೆ ಕೆಲಸದ ರಾತ್ರಿ. ಲಡಾಖಿನ ಹಾನ್ಲೆಯಲ್ಲಿ, 4500 ಮೀಟರ್ ಎತ್ತರದಲ್ಲಿ, 2 ಮೀಟರ್ ಕನ್ನಡಿಯ ಟೆಲಿಸ್ಕೋಪ್ ಇದೆ. ಅದನ್ನು ಉಪಗ್ರಹ ಸಂಪರ್ಕದ ಮೂಲಕ ನಡೆಸುವುದು ನಮ್ಮ ಹೊಸಕೋಟೆಯಿಂದ. ಹೌದು, ಬೆಳಗಿನ ಜಾವ ಬಿರಿಯಾನಿಗೆ ಕ್ಯೂ ನಿಲ್ಲುತ್ತೀರಲ್ಲ, ಅದೇ ಹೊಸಕೋಟೆ. ಅಲ್ಲಿ ಪರದೆ ಮುಂದೆ ಕೂತವರಿಗೆ "ಮಗೂಗೆ ಸ್ವಲ್ಪ ಶನಿ ತೋರಿಸಿ" ಅನ್ನೋಕಾಗುತ್ತಾ? ಅಷ್ಟಕ್ಕೂ ಆ ಟೆಲಿಸ್ಕೋಪಿನಲ್ಲಿ ಕಣ್ಣಿಡುವ ಜಾಗದಲ್ಲಿ ಇರುವುದು ಕ್ಯಾಮೆರಾ.

ಹಾಗಾಗಿ ಹಾನ್ಲೆಯಲ್ಲೂ ತೋರಿಸುವ ಕೆಲಸ ಊರಿನವರದ್ದೇ. 2022ರಲ್ಲಿ ಆ ಜಾಗವನ್ನು ಕತ್ತಲೆಯ ಆಕಾಶಕ್ಕೇ ಮೀಸಲು ಅಂತ ಘೋಷಿಸಿದರು. ಸುತ್ತಲ ಹಳ್ಳಿಗಳ 24 ಜನರಿಗೆ ತರಬೇತಿ ಕೊಟ್ಟು, ಟೆಲಿಸ್ಕೋಪನ್ನೂ ಕೊಟ್ಟರು. ಬಂದ ಪ್ರವಾಸಿಗರಿಗೆ ಅವರೇ ಆಕಾಶ ತೋರಿಸುತ್ತಾರೆ. ಅದರಿಂದ ನಾಲ್ಕು ಕಾಸು ಬರುತ್ತದೆ. ಬರಲಿ, ನನಗೇನು ಹೊಟ್ಟೆಕಿಚ್ಚಿಲ್ಲ. (ಸ್ವಲ್ಪ ಇದೆ.)

ಒಂದು ಸಲ ಹೊಸಕೋಟೆ ಆಚೆಯ ಹಳ್ಳಿಯ ಶಾಲೆ ಮೈದಾನದಲ್ಲಿದ್ದೆ. ನಲವತ್ತು ಜನರ ಸಾಲು. ನನ್ನ ಟೆಲಿಸ್ಕೋಪಿಗೆ ಮೋಟಾರ್ ಇಲ್ಲ. ಭೂಮಿ ತಿರುಗುತ್ತಿರುತ್ತದಲ್ಲ, ಒಂದು ನಿಮಿಷ ಬಿಟ್ಟರೆ ಶನಿ ಅಂಚಿಗೆ ಜಾರಿರುತ್ತದೆ. ಬೆರಳ ತುದಿಯಲ್ಲಿ ಕೊಳವೆಯನ್ನು ಕೂದಲೆಳೆಯಷ್ಟು ತಳ್ಳಬೇಕು. ಅಜ್ಜಿಯೊಬ್ಬರು ಕನ್ನಡಕ ಹಣೆಗೇರಿಸಿ, ಬಗ್ಗಿ, ಇನ್ನೇನು ಉಂಗುರ ಕಾಣಬೇಕು, ಹಿಂದಿನಿಂದ ಫಳ್ ಅಂತ ಮೊಬೈಲ್ ಟಾರ್ಚ್! ಒಬ್ಬ ಯಜಮಾನರು ಮೇಜಿನ ಕೆಳಗೆಲ್ಲ ಬೆಳಕು ಬಿಟ್ಟು ಹುಡುಕುತ್ತಿದ್ದರು.

"ಹುಂಡಿ ಎಲ್ಲಿಟ್ಟಿದ್ದೀರಾ?"

ಕಣ್ಣು ಕತ್ತಲಿಗೆ ಪೂರ್ತಿ ಹೊಂದಿಕೊಳ್ಳಲು ಇಪ್ಪತ್ತು ಮೂವತ್ತು ನಿಮಿಷ ಬೇಕು. ನಲವತ್ತು ಜನರ ಅರ್ಧ ಗಂಟೆ ಹೋಯಿತು. ಶನಿಗೇನೋ ಪರವಾಗಿಲ್ಲ, ಅದು ಹೊಳೆಯುತ್ತದೆ. ಆಮೇಲೆ ಆಂಡ್ರೊಮಿಡಾ ಗ್ಯಾಲಕ್ಸಿ ತೋರಿಸಬೇಕಿತ್ತು. ಅದು ಹೊಗೆಯಷ್ಟು ತೆಳು. "ಹುಂಡಿ ಇಲ್ಲ, ಮೊದಲು ಟಾರ್ಚ್ ಆರಿಸಿ" ಅಂದೆ. ಜೋರಾಗಿಯೇ ಅಂದೆ. ಅವರಿಗೆ ಬೇಜಾರಾಯಿತು, ನಿಜ.

ಯಾರಾದರೂ ಒಬ್ಬರು "ಈ ಮೈದಾನ ಇಷ್ಟು ಕತ್ತಲಾಗಿರೋದು ಹೇಗೆ?" ಅಂತ ಕೇಳಬಾರದಾ? ಹಾನ್ಲೆಯ ಮನೆಗಳಲ್ಲಿ ಬೆಳಕು ಹೊರಗೆ ಬೀಳದ ಹಾಗೆ ಕಿಟಕಿಗೆ ಪರದೆ ಎಳೆಯುತ್ತಾರೆ. ನಮ್ಮ ಮೈದಾನದ ಎದುರು ಒಂದು ಕಿರಾಣಿ ಅಂಗಡಿ. ಕೇಳಿಕೊಂಡಿದ್ದಕ್ಕೆ ಅಂಗಡಿಯವರು ಹೊರಗಿನ ಟ್ಯೂಬ್‌ಲೈಟ್, ಬೋರ್ಡಿನ ದೀಪ ಎರಡನ್ನೂ ಆರಿಸಿ, ಒಳಗೆ ಮೇಣದ ಬತ್ತಿ ಹಚ್ಚಿ ಸಕ್ಕರೆ ತೂಗುತ್ತಿದ್ದರು. ಎರಡು ಗಂಟೆ. ಅವರನ್ನು ಯಾರೂ "ನಿಮಗೇನು ಸಿಗುತ್ತೆ" ಅಂತ ಕೇಳಲಿಲ್ಲ.

ಒಂಬತ್ತೂವರೆಗೆ ಶಟರ್ ಎಳೆದು ಬಂದರು. ಅಷ್ಟೊತ್ತಿಗೆ ಶನಿ ತೆಂಗಿನ ಮರಗಳ ಹಿಂದೆ. ಮತ್ತೆ ಬರುತ್ತೇನೆ ಅಂದೆ.

"ಯಾವತ್ತು ಅಂತ ಮೊದಲೇ ಹೇಳಿ ಸರ್," ಅಂದರು. "ಅವತ್ತು ಬೇಗ ಬಾಗಿಲು ಹಾಕ್ತೀನಿ."