ವೋಲ್ಟೇಜ್ ಏರಿಸುವ ಮೊದಲು ಬಸ್ ನೋಡಬೇಕಿತ್ತು

2008ರಲ್ಲಿ ನಾನು ಬೆಂಗಳೂರಿನ ಎಸ್‌ಪಿ ರೋಡಿನ ಒಂದು ಅಂಗಡಿಯಲ್ಲಿ ಕಂಪ್ಯೂಟರ್ ಅಸೆಂಬಲ್ ಮಾಡುತ್ತಿದ್ದೆ. ಮದುವೆ ವಿಡಿಯೊ ಎಡಿಟ್ ಮಾಡುವವರೊಬ್ಬರು ತಮ್ಮ ಮನೆಯ ಸಿಸ್ಟಮ್ ತಂದರು. ಇಂಟೆಲ್ ಕ್ಯೂ6600 ಪ್ರೊಸೆಸರ್, ಪಿ35 ಚಿಪ್‌ಸೆಟ್‌ನ ಬೋರ್ಡ್, ಡಿಡಿಆರ್2-800 ರ್‍ಯಾಮ್. "ರೆಂಡರ್‌ಗೆ ಇಟ್ರೆ ರಾತ್ರಿಯೆಲ್ಲ ಕಾಯ್ಬೇಕು. ಸ್ವಲ್ಪ ಸ್ಪೀಡ್ ಮಾಡ್ಕೊಡಪ್ಪಾ" ಅಂದರು.

ಆ ಪ್ರೊಸೆಸರ್‌ನ ಲೆಕ್ಕ ಸುಲಭ. ಪ್ರೊಸೆಸರ್‌ಗೆ ತಾಳ ಕೊಡುವ ಬೋರ್ಡಿನ ಮೂಲ ಗಡಿಯಾರ, ಅಂದರೆ ಬಸ್, 266 ಮೆಗಾಹರ್ಟ್ಸ್. ಪ್ರೊಸೆಸರ್ ಅದನ್ನು ಗುಣಿಸಿಕೊಳ್ಳುವ ಅಂಕಿ, ಅಂದರೆ ಮಲ್ಟಿಪ್ಲೈಯರ್, 9. ಗುಣಿಸಿದರೆ 2.4 ಗಿಗಾಹರ್ಟ್ಸ್. ಡಬ್ಬದ ಮೇಲೆ 1066 ಅಂತ ಇರುತ್ತದೆ. ಒಂದು ಸುತ್ತಿಗೆ ನಾಲ್ಕು ಸಲ ಡೇಟಾ ಹೋಗುವುದರಿಂದ ಆ ಅಂಕಿ. ನಿಜವಾದ ಗಡಿಯಾರ 266 ಮಾತ್ರ. ಮಲ್ಟಿಪ್ಲೈಯರ್ ಅನ್ನು 9ರ ಮೇಲೆ ಏರಿಸಲು ಬರುವುದಿಲ್ಲ. ಹಾಗಾಗಿ ನಾನು ಬಸ್ ಅನ್ನು 333ಕ್ಕೆ ಏರಿಸಿದೆ. 3.0 ಗಿಗಾಹರ್ಟ್ಸ್ ಬಂತು. ಹೀಗೆ ಕಂಪನಿ ಇಟ್ಟ ವೇಗಕ್ಕಿಂತ ಜಾಸ್ತಿ ಓಡಿಸುವುದೇ ಓವರ್‌ಕ್ಲಾಕಿಂಗ್.

ವಿಂಡೋಸ್ ಅರ್ಧ ಗಂಟೆಗೆ ನೀಲಿ ಪರದೆ ತೋರಿಸಿ ನಿಂತಿತು. ಪ್ರೊಸೆಸರ್‌ಗೆ ಕರೆಂಟು ಸಾಲುತ್ತಿಲ್ಲ ಅಂದುಕೊಂಡೆ. ವೋಲ್ಟೇಜ್ 1.25ರಿಂದ 1.30 ಮಾಡಿದೆ. ಮತ್ತೆ ನಿಂತಿತು. 1.35. ಕೊನೆಗೆ 1.40. ಆಗ ಪ್ರೊಸೆಸರನ್ನು ದುಡಿಸಿ ನೋಡುವ ಪ್ರೈಮ್95 ಪ್ರೋಗ್ರಾಮಿನ ಸ್ಮಾಲ್ ಎಫ್‌ಎಫ್‌ಟಿ ಪರೀಕ್ಷೆ ಎರಡು ಗಂಟೆ ಓಡಿತು. ಶಾಖ 80 ಡಿಗ್ರಿ ದಾಟಿತ್ತು, ಆದರೂ ಪಾಸಾಯಿತಲ್ಲ ಅಂತ ಸಿಸ್ಟಮ್ ಕೊಟ್ಟು ಕಳಿಸಿದೆ.

ನಾಲ್ಕನೇ ದಿನ ಅವರು ವಾಪಸ್ ಬಂದರು. ರೆಂಡರ್ ಆದ ವಿಡಿಯೊದಲ್ಲಿ ಅಲ್ಲಲ್ಲಿ ಹಸಿರು ಚೌಕಗಳು. ಪ್ರಾಜೆಕ್ಟ್ ಫೈಲ್ ತೆರೆಯುತ್ತಲೇ ಇಲ್ಲ. ಮೂರು ದಿನ ಕೂತು ಮಾಡಿದ ಎಡಿಟಿಂಗ್ ಹೋಗಿತ್ತು. ಮೂಲ ಚಿತ್ರೀಕರಣ ಟೇಪಿನಲ್ಲಿ ಇದ್ದದ್ದರಿಂದ ಒಂದು ಮನೆಯವರ ಮದುವೆ ಉಳಿಯಿತು. ಅವರು ಬೈಯಲಿಲ್ಲ. ಬೈದಿದ್ದರೆ ಇಷ್ಟು ಬೇಜಾರಾಗುತ್ತಿರಲಿಲ್ಲವೇನೋ.

ಅಂಗಡಿಯಲ್ಲಿ ನಾವೆಲ್ಲ ಅಣ್ಣ ಅಂತ ಕರೆಯುವ ಹಿರಿಯರೊಬ್ಬರಿದ್ದರು. ಅವರು ರ್‍ಯಾಮ್ ಪರೀಕ್ಷಿಸುವ ಮೆಮ್‌ಟೆಸ್ಟ್ ಸಿಡಿ ಹಾಕಿದರು. ಐದೇ ನಿಮಿಷಕ್ಕೆ ಪರದೆ ತುಂಬ ತಪ್ಪು ತೋರಿಸುವ ಕೆಂಪು ಸಾಲುಗಳು. "ಪ್ರೊಸೆಸರ್‌ಗೆ ಯಾಕೋ ವೋಲ್ಟೇಜ್ ತುಂಬ್ತಾ ಇದೀಯ? ರ್‍ಯಾಮ್ ಎಷ್ಟರಲ್ಲಿ ಓಡ್ತಿದೆ ನೋಡಿದ್ಯಾ?" ಅಂದರು.

ನೋಡಿರಲಿಲ್ಲ. ರ್‍ಯಾಮ್ ಕೂಡ ಅದೇ ಬಸ್ಸಿನಿಂದ ವೇಗ ಪಡೆಯುತ್ತದೆ. ಬೋರ್ಡಿನ ಸೆಟ್ಟಿಂಗ್ ಪರದೆಯಾದ ಬಯಾಸ್‌ನಲ್ಲಿ ಮೆಮೊರಿ ಮಲ್ಟಿಪ್ಲೈಯರ್ 3 ಅಂತ ಇತ್ತು. 266ಕ್ಕೆ ಮೂರು ಪಟ್ಟು 800, ಅದು ಸರಿ. ನಾನು ಬಸ್ಸನ್ನು 333 ಮಾಡಿದಾಗ ರ್‍ಯಾಮ್ ಸದ್ದಿಲ್ಲದೆ 1000ಕ್ಕೆ ಹೋಗಿತ್ತು. 1.8 ವೋಲ್ಟಿನಲ್ಲಿ 800ಕ್ಕೆಂದು ಮಾಡಿದ ರ್‍ಯಾಮ್ ಅದು. ಸ್ಮಾಲ್ ಎಫ್‌ಎಫ್‌ಟಿ ಪರೀಕ್ಷೆ ಬಹುಪಾಲು ಪ್ರೊಸೆಸರ್ ಒಳಗಿನ ಸಣ್ಣ ಮೆಮೊರಿಯಾದ ಕ್ಯಾಶ್ ಒಳಗೇ ನಡೆಯುತ್ತದೆ, ರ್‍ಯಾಮ್ ಕಡೆ ಹೋಗುವುದೇ ಕಡಿಮೆ. ಅದಕ್ಕೇ ಪಾಸಾಗಿತ್ತು. ನಾನು ತಪ್ಪು ಜಾಗದಲ್ಲಿ ಪರೀಕ್ಷೆ ಮಾಡಿ, ತಪ್ಪು ಜಾಗಕ್ಕೆ ಮದ್ದು ಕೊಟ್ಟಿದ್ದೆ.

ಮೆಮೊರಿ ಮಲ್ಟಿಪ್ಲೈಯರ್ ಅನ್ನು 2.4ಕ್ಕೆ ಇಳಿಸಿದೆವು. 333ಕ್ಕೆ 2.4 ಪಟ್ಟು ಅಂದರೆ ಮತ್ತೆ 800. ಮೆಮ್‌ಟೆಸ್ಟ್ ರಾತ್ರಿಯಿಡೀ ಓಡಿತು, ಒಂದೂ ತಪ್ಪಿಲ್ಲ. ಆಮೇಲೆ ಪ್ರೊಸೆಸರ್ ವೋಲ್ಟೇಜನ್ನು ಒಂದೊಂದೇ ಹಂತ ಇಳಿಸುತ್ತಾ ಬಂದೆವು. ಮೊದಲಿನ 1.25ರಲ್ಲೇ 3.0 ಗಿಗಾಹರ್ಟ್ಸ್ ನಿಂತಿತು! ನಾನು ಏರಿಸಿದ್ದೆಲ್ಲ ಸುಮ್ನೆ.

ಸುಮ್ನೆ ಅಂದರೂ ಅದು ಬಿಟ್ಟಿ ಅಲ್ಲ. ಪ್ರೊಸೆಸರ್ ತಿನ್ನುವ ಪವರ್ ವೇಗ ಏರಿದಷ್ಟೇ ಏರುತ್ತದೆ. ಆದರೆ ವೋಲ್ಟೇಜಿನದು ವರ್ಗದ ಲೆಕ್ಕ. 1.25ರಿಂದ 1.40 ಅಂದರೆ ಶೇಕಡಾ 12 ಜಾಸ್ತಿ. ಪವರ್‌ನಲ್ಲಿ ಅದು ಸುಮಾರು ಶೇಕಡಾ 25. ವೇಗ ಏರಿಸಿದ್ದಕ್ಕೆ ಇನ್ನೊಂದು 25. ಎರಡನ್ನೂ ಗುಣಿಸಿದರೆ ಒಂದೂವರೆ ಪಟ್ಟಿಗಿಂತ ಜಾಸ್ತಿ. ಜೊತೆಗೆ ಬಂದಿದ್ದ ಸಣ್ಣ ಫ್ಯಾನು ಅಷ್ಟನ್ನು ಎಲ್ಲಿ ತಡೆದೀತು?

ಬಸ್ಸಿಗೆ ಏನೇನು ಕಟ್ಟಿಕೊಂಡಿದೆ ಅನ್ನುವುದು ಕಾಲಕಾಲಕ್ಕೆ ಬದಲಾಗಿದೆ. ಆ ಪಿ35 ಬೋರ್ಡಿಗಿಂತ ಹಳೆಯ ಕೆಲವು ಬೋರ್ಡುಗಳಲ್ಲಿ ಕಾರ್ಡುಗಳನ್ನು ಜೋಡಿಸುವ 33 ಮೆಗಾಹರ್ಟ್ಸ್‌ನ ಪಿಸಿಐ ಕೂಡ ಜೊತೆಗೇ ಏರಿ ಹಾರ್ಡ್‌ಡಿಸ್ಕಿನ ಡೇಟಾ ಕೆಡುತ್ತಿತ್ತು. ಇಂಟೆಲ್‌ನ 2011ರ ಸ್ಯಾಂಡಿ ಬ್ರಿಡ್ಜ್ ಪ್ರೊಸೆಸರ್‌ಗಳಲ್ಲಿ 100 ಮೆಗಾಹರ್ಟ್ಸ್‌ನ ಒಂದೇ ಗಡಿಯಾರಕ್ಕೆ ಕಾರ್ಡುಗಳ ಪಿಸಿಐ ಎಕ್ಸ್‌ಪ್ರೆಸ್, ಹಾರ್ಡ್‌ಡಿಸ್ಕಿನ ಸಾಟಾ ಎಲ್ಲವೂ ಅಂಟಿದ್ದವು. ನಾಲ್ಕೈದು ಮೆಗಾಹರ್ಟ್ಸ್ ಏರಿಸುವುದೇ ಕಷ್ಟ. ಕೆ ಅಕ್ಷರದ ಪ್ರೊಸೆಸರ್ ಕೊಂಡು ಮಲ್ಟಿಪ್ಲೈಯರ್ ಏರಿಸಬೇಕಿತ್ತು. 2015ರ ಸ್ಕೈಲೇಕ್‌ನಲ್ಲಿ ಪಿಸಿಐ ಎಕ್ಸ್‌ಪ್ರೆಸ್ ಆ ಗಡಿಯಾರದಿಂದ ಬೇರೆಯಾಯಿತು. ಡಿಡಿಆರ್4 ಕಾಲದ ಎಎಂಡಿ ರೈಜನ್ ಪ್ರೊಸೆಸರ್‌ಗಳಲ್ಲಿ ರ್‍ಯಾಮ್ ಜೊತೆ ಒಳಗಿನ ಭಾಗಗಳನ್ನು ಜೋಡಿಸುವ ಇನ್ಫಿನಿಟಿ ಫ್ಯಾಬ್ರಿಕ್ ಹೆಜ್ಜೆ ಹಾಕುತ್ತದೆ. 3600 ರ್‍ಯಾಮ್ ಹಾಕಿದರೆ ಅದರ ನಿಜವಾದ ಗಡಿಯಾರ ಅರ್ಧ, ಹಾಗಾಗಿ ಫ್ಯಾಬ್ರಿಕ್ 1800ರಲ್ಲಿ ಓಡಬೇಕು. ರ್‍ಯಾಮನ್ನು ಅದರ ಡಬ್ಬದ ಮೇಲಿನ ವೇಗಕ್ಕೆ ಏರಿಸುವ ಎಕ್ಸ್‌ಎಂಪಿ ಸೆಟ್ಟಿಂಗ್ ಆನ್ ಮಾಡುವುದೂ ಓವರ್‌ಕ್ಲಾಕಿಂಗೇ ಅಲ್ವಾ? 1.2 ವೋಲ್ಟಿನ ಡಿಡಿಆರ್4 ಆಗ ಸಾಮಾನ್ಯವಾಗಿ 1.35ಕ್ಕೆ ಹೋಗುತ್ತದೆ. ವೋಲ್ಟೇಜನ್ನು ಆಟೋದಲ್ಲಿ ಬಿಟ್ಟರೆ ಬೋರ್ಡು ತಾನೇ ಬೇಕಾದ್ದಕ್ಕಿಂತ ಜಾಸ್ತಿ ಕೊಡುವುದನ್ನೂ ಎಷ್ಟೋ ಸಲ ನೋಡಿದ್ದೇನೆ.

ಆ ಸಿಸ್ಟಮ್ ವಾಪಸ್ ಕೊಡುವ ಮೊದಲು ಅಣ್ಣ ಬಿಳಿ ಟೇಪಿನ ಮೇಲೆ ನನ್ನ ಕೈಯಲ್ಲೇ ಬರೆಸಿ ಕ್ಯಾಬಿನೆಟ್ ಒಳಗೆ ಅಂಟಿಸಿದರು: ಬಸ್ 333, ಪ್ರೊಸೆಸರ್ 9, ರ್‍ಯಾಮ್ 2.4, ವೋಲ್ಟ್ 1.25. ನಾನು ಓವರ್‌ಕ್ಲಾಕ್ ಮಾಡಿದ ಪ್ರತಿ ಸಿಸ್ಟಮ್ ಒಳಗೂ ಈಗಲೂ ಅಂಥದ್ದೊಂದು ಟೇಪ್ ಇರುತ್ತದೆ.