ಡಾಕ್ಯುಮೆಂಟ್ಸ್ ಫೋಲ್ಡರಿನಲ್ಲಿ ಇಲ್ಲದ ಆರು ವರ್ಷ

ಪೀಣ್ಯದ ಕಡೆ ಯಂತ್ರಗಳ ಬಿಡಿಭಾಗ ತಯಾರಿಸುವ ಕಾರ್ಖಾನೆಯೊಂದರಲ್ಲಿ ಕಂಪ್ಯೂಟರ್‌ಗಳನ್ನು ನೋಡಿಕೊಳ್ಳುವುದು ನನ್ನ ಕೆಲಸ. ಸೇರಿದ ಎರಡನೆಯ ವರ್ಷ, ಖರೀದಿ ವಿಭಾಗದ ಮ್ಯಾನೇಜರ್ ಅವರ ಆರು ವರ್ಷದ ಮೇಲ್‌ಗಳು ಒಂದೇ ಮಧ್ಯಾಹ್ನದಲ್ಲಿ ಮಾಯವಾದವು. ವೈರಸ್ ಬಂದಿರಲಿಲ್ಲ, ಹಾರ್ಡ್ ಡಿಸ್ಕ್ ಕೆಟ್ಟಿರಲಿಲ್ಲ. ಅಳಿಸಿದವನು ನಾನೇ.

ಅವರ ಕಂಪ್ಯೂಟರ್ ತೆವಳುತ್ತಿತ್ತು. ಫಾರ್ಮ್ಯಾಟ್ ಮಾಡಿ ಹೊಸದಾಗಿ ವಿಂಡೋಸ್ ಹಾಕೋಣ ಎಂದು ಡೆಸ್ಕ್‌ಟಾಪ್ ಮತ್ತು ಡಾಕ್ಯುಮೆಂಟ್ಸ್ ಫೋಲ್ಡರ್‌ಗಳನ್ನು ಹೊರಗಿನ ಡಿಸ್ಕಿಗೆ ನಕಲು ಮಾಡಿಕೊಂಡೆ. “ಮೇಲ್ ಎಲ್ಲ ತೆಗೆದಿಟ್ಟುಕೊಂಡೆಯೇನಪ್ಪಾ?” ಎಂದು ಕೇಳಿದರು. “ಎಲ್ಲ ಇದೆ ಸರ್” ಎಂದೆ. ಮೇಲ್ ತಂತ್ರಾಂಶವಾದ ಔಟ್‌ಲುಕ್ 2010, ಮೇಲ್‌ಗಳನ್ನೆಲ್ಲ ತುಂಬಿಡುವ ತನ್ನ ಪಿಎಸ್‌ಟಿ ಕಡತವನ್ನು ಡಾಕ್ಯುಮೆಂಟ್ಸ್ ಒಳಗೆ ಇಡುತ್ತದೆ ಎಂದು ಓದಿದ್ದೆ. ಓದಿದ್ದು ಸರಿಯೇ, ಆದರೆ ಹೊಸದಾಗಿ ಸೃಷ್ಟಿಸಿದ ಕಡತಗಳಿಗೆ ಮಾತ್ರ. ಅವರದು 2007ರಿಂದ ಮೇಲ್ದರ್ಜೆಗೇರಿಸಿದ ಔಟ್‌ಲುಕ್. ಹಾಗಿದ್ದಾಗ ಹಳೆಯ ಕಡತ ಇದ್ದಲ್ಲೇ ಉಳಿಯುತ್ತದೆ: ಬಳಕೆದಾರರ ಹೆಸರಿನ ಫೋಲ್ಡರಿನೊಳಗಿನ ಆ್ಯಪ್‌ಡೇಟಾದಲ್ಲಿ. ಅದು ಸಾಮಾನ್ಯವಾಗಿ ಕಣ್ಣಿಗೆ ಕಾಣದ, ಮರೆಮಾಡಿದ ಫೋಲ್ಡರ್.

ಖಾತೆ ಪಾಪ್ ಬಗೆಯದು, ಅಂದರೆ ಮೇಲ್ ಸರ್ವರ್‌ನಿಂದ ಕಂಪ್ಯೂಟರಿಗೆ ಇಳಿದು ಅಲ್ಲೇ ಉಳಿಯುವಂಥದ್ದು. ಸರ್ವರ್‌ನಲ್ಲಿ ಮೇಲ್‌ನ ನಕಲು 14 ದಿನ ಮಾತ್ರ ಉಳಿಯುವಂತೆ ಟಿಕ್ ಹಾಕಲಾಗಿತ್ತು. ಹೊಸ ವಿಂಡೋಸ್‌ನಲ್ಲಿ ಖಾತೆ ಜೋಡಿಸಿದಾಗ ಎರಡು ವಾರದ ಮೇಲ್ ಸರಸರನೆ ಇಳಿದು ನಿಂತುಬಿಟ್ಟಿತು. ಇನ್ನೂ ಬರುತ್ತದೆ ಎಂದು ಅರ್ಧ ಗಂಟೆ ಕಾದೆ. ಎರಡು ರಾತ್ರಿ ಕೂತು ಅಳಿದ ಕಡತಗಳನ್ನು ಹುಡುಕುವ ತಂತ್ರಾಂಶ ಓಡಿಸಿದೆ. ಸಿಕ್ಕ ಕಡತ ತೆರೆಯಲಿಲ್ಲ. ಆಮೇಲೆ ಒಂದು ತಿಂಗಳು ಅವರೂ ನಾನೂ ಸರಬರಾಜುದಾರರಿಗೆ ಕರೆ ಮಾಡಿ, ದರ ಒಪ್ಪಿದ ಹಳೆಯ ಮೇಲ್‌ಗಳನ್ನು ಮತ್ತೆ ಕಳುಹಿಸಿ ಎಂದು ಕೇಳಿಕೊಂಡೆವು. “ಏನು ಸರ್, ನಮ್ಮ ಲೆಕ್ಕದ ಮೇಲೆ ಅನುಮಾನವೇ?” ಎಂದು ಕೇಳಿದವರೂ ಇದ್ದರು.

ಈಗ ಯಾರ ಕಂಪ್ಯೂಟರ್ ಮುಟ್ಟುವ ಮೊದಲೂ ಔಟ್‌ಲುಕ್‌ನಲ್ಲಿ ಫೈಲ್, ಅಕೌಂಟ್ ಸೆಟ್ಟಿಂಗ್ಸ್, ಅದರೊಳಗಿನ ಡೇಟಾ ಫೈಲ್ಸ್ ತೆರೆಯುತ್ತೇನೆ. ಪ್ರತಿಯೊಂದು ಕಡತದ ಪೂರ್ತಿ ವಿಳಾಸ ಅಲ್ಲಿರುತ್ತದೆ. ಮೊಬೈಲಿನಲ್ಲಿ ಅದರ ಚಿತ್ರ ತೆಗೆದುಕೊಳ್ಳುತ್ತೇನೆ. ಪಿಎಸ್‌ಟಿ ಎಂದಿದ್ದರೆ ಅದೇ ಅಸಲು, ಕಳೆದರೆ ಕಳೆದ ಹಾಗೆಯೇ. ಓಎಸ್‌ಟಿ ಎಂದಿದ್ದರೆ ಅಸಲು ಸರ್ವರ್‌ನಲ್ಲಿದೆ, ಇಲ್ಲಿರುವುದು ನಕಲು, ಮತ್ತೆ ಇಳಿದು ಬರುತ್ತದೆ. ಆದರೆ ಇಲ್ಲೂ ಒಂದು ಗುಂಡಿ ಇದೆ. ಮೇಲ್ ಸರ್ವರ್‌ನಲ್ಲೇ ಉಳಿಯುವ ಐಮ್ಯಾಪ್ ಬಗೆಯ ಖಾತೆಯಾದರೆ ಕ್ಯಾಲೆಂಡರ್ ಮತ್ತು ಕಾಂಟ್ಯಾಕ್ಟ್ಸ್ ಪಕ್ಕದಲ್ಲಿ ‘ಈ ಕಂಪ್ಯೂಟರ್ ಮಾತ್ರ’ ಎಂಬರ್ಥದ ಇಂಗ್ಲಿಷ್ ಸಾಲು ಕಾಣಿಸುತ್ತದೆ. ಅವು ಸರ್ವರ್‌ಗೆ ಹೋಗುವುದೇ ಇಲ್ಲ. ನಕಲು ತಾನೇ ಎಂದು ಓಎಸ್‌ಟಿ ಅಳಿಸಿದರೆ ಮೇಲ್ ಬರುತ್ತದೆ, ಭೇಟಿಯ ದಿನಾಂಕಗಳು ಬರುವುದಿಲ್ಲ.

ಉಳಿದ ತೊಂದರೆಗಳು ಇಷ್ಟು ದೊಡ್ಡವಲ್ಲ. ಔಟ್‌ಲುಕ್ ತೆರೆಯುತ್ತಲೇ ಸ್ಥಗಿತಗೊಂಡರೆ ಕಂಟ್ರೋಲ್ ಕೀ ಒತ್ತಿ ಹಿಡಿದು ಐಕಾನ್ ತೆರೆಯಿರಿ. ಹಾಗೆ ತೆರೆದ ಸೇಫ್ ಮೋಡ್‌ನಲ್ಲಿ ಸರಿಯಾಗಿ ನಡೆದರೆ ತಪ್ಪು ಯಾವುದೋ ಆ್ಯಡ್-ಇನ್‌ನದು, ಅಂದರೆ ಔಟ್‌ಲುಕ್‌ಗೆ ಸೇರಿಸಿಕೊಂಡ ಕಿರು ತಂತ್ರಾಂಶದ್ದು. ಪಿಎಸ್‌ಟಿ ಹಾಳಾಗಿದ್ದರೆ ಅದನ್ನು ಸರಿಪಡಿಸಲು ಆಫೀಸ್ ಜೊತೆಗೇ ಬರುವ ಸ್ಕ್ಯಾನ್‌ಪಿಎಸ್‌ಟಿ ಎಂಬ ಸಾಧನ ಇದೆ. ಔಟ್‌ಲುಕ್ ಮುಚ್ಚಿ, ಕಡತದ ಒಂದು ಪ್ರತಿ ಬೇರೆಡೆ ಇಟ್ಟು, ದೋಷವಿಲ್ಲ ಎನ್ನುವವರೆಗೆ ಮತ್ತೆ ಮತ್ತೆ ಓಡಿಸಬೇಕು. ಪಿಎಸ್‌ಟಿಯನ್ನು ನೆಟ್‌ವರ್ಕ್ ಡ್ರೈವ್‌ನಲ್ಲಿಟ್ಟು ಅಲ್ಲಿಂದಲೇ ತೆರೆಯುವ ಜಾಣತನ ಬೇಡ, ಹಾಳಾಗುವ ದಾರಿಯೇ ಅದು. ಮುಖ್ಯವಾದ ಮೇಲ್‌ಗಳನ್ನು ಡಿಲೀಟೆಡ್ ಐಟಮ್ಸ್‌ನಲ್ಲಿ ‘ಜೋಪಾನವಾಗಿ’ ಇಡುವವರು ಪ್ರತಿ ಕಚೇರಿಯಲ್ಲೂ ಒಬ್ಬರಿರುತ್ತಾರೆ. ನಮ್ಮಲ್ಲಿ ಇಬ್ಬರಿದ್ದಾರೆ, ಅವರಲ್ಲೊಬ್ಬರು ಲೆಕ್ಕಪತ್ರ ವಿಭಾಗದಲ್ಲಿ.

ಕ್ಯಾಲೆಂಡರ್ ವಿಷಯಕ್ಕೆ ಬಂದರೆ, ನಮ್ಮ ರಫ್ತು ವಿಭಾಗದ ಮೇಡಂಗೆ ಜರ್ಮನಿಯ ಗ್ರಾಹಕರೊಡನೆ ಪ್ರತಿ ವಾರ ಮಾತುಕತೆ ಇತ್ತು. ಅಲ್ಲಿ ಬೆಳಗ್ಗೆ 10 ಗಂಟೆ, ಇಲ್ಲಿ ಮಧ್ಯಾಹ್ನ 2.30. ಮಾರ್ಚ್ ಕೊನೆಯ ಭಾನುವಾರ ಯುರೋಪಿನಲ್ಲಿ ಗಡಿಯಾರ ಒಂದು ಗಂಟೆ ಮುಂದಕ್ಕೆ ಹೋಗುತ್ತದೆ. ನಮ್ಮಲ್ಲಿ ಆ ಪದ್ಧತಿಯೇ ಇಲ್ಲ. ಆಹ್ವಾನ ಕಳುಹಿಸಿದವರು ಅವರಾದ್ದರಿಂದ ಅವರಿಗೆ ಅದೇ 10 ಗಂಟೆ, ನಮಗೆ 1.30 ಆಯಿತು. ಸರಿಯಾಗಿ ಊಟದ ಹೊತ್ತು. ಔಟ್‌ಲುಕ್ ಕೆಟ್ಟಿದೆ ಎಂದುಕೊಂಡ ಮೇಡಂ ತಾವೇ ವಿಂಡೋಸ್‌ನ ಟೈಮ್ ಝೋನ್ ಪಟ್ಟಿಯಲ್ಲಿ ಒಂದು ಗಂಟೆ ಮುಂದಿರುವ ಊರನ್ನು ಹುಡುಕಿ, ಯಾಂಗೂನ್ ಆರಿಸಿಬಿಟ್ಟಿದ್ದರು. ಭೇಟಿ 2.30 ಎಂದೇ ಕಾಣಿಸಿತು. ಉಳಿದ ಭೇಟಿಗಳೂ ಒಂದು ಗಂಟೆ ಜರುಗಿದವು.

ನನಗೆ ಇದು ಗೊತ್ತಾದದ್ದು ಅವರು ಬಂದು, “ಈ ಸಲ ಯುಗಾದಿಗೆ ಎರಡು ದಿನ ರಜೆಯಾ?” ಎಂದು ಕೇಳಿದಾಗ. ಇಡೀ ದಿನದ ನಮೂದುಗಳನ್ನು ಕ್ಲಾಸಿಕ್ ಔಟ್‌ಲುಕ್ (ನಾವು ಬಳಸುವ ಹಳೆಯ ಮಾದರಿ) ಮಧ್ಯರಾತ್ರಿಯಿಂದ ಮಧ್ಯರಾತ್ರಿಗೆ ಎಂದು ಬರೆದಿಟ್ಟುಕೊಳ್ಳುತ್ತದೆ. ವಲಯ ಬದಲಾದರೆ ಅದು ರಾತ್ರಿ 1ರಿಂದ ಮರುದಿನ 1ರವರೆಗೆ ಆಗಿ ಎರಡು ದಿನಕ್ಕೂ ಚಾಚಿಕೊಳ್ಳುತ್ತದೆ. ವಲಯವನ್ನು ಭಾರತಕ್ಕೆ ಮರಳಿಸಿ, ಕ್ಯಾಲೆಂಡರ್ ಆಯ್ಕೆಗಳಲ್ಲಿ ಎರಡನೆಯ ಟೈಮ್ ಝೋನ್ ಆಗಿ ಬರ್ಲಿನ್ ಸೇರಿಸಿಕೊಟ್ಟೆ. ಎರಡೂ ಸಮಯ ಅಕ್ಕಪಕ್ಕ ಕಾಣಿಸತೊಡಗಿದ ಮೇಲೆ ಅವರೇ ಗ್ರಾಹಕರಿಗೆ ಬರೆದು ಭೇಟಿಯನ್ನು ಅಲ್ಲಿನ 11ಕ್ಕೆ ಮಾಡಿಸಿಕೊಂಡರು. ಯುಗಾದಿ ಒಂದೇ ದಿನಕ್ಕೆ ಮರಳಿತು. ಯಾಂಗೂನ್ ಸಮಯದಲ್ಲಿದ್ದಾಗ ಅವರು ಟೈಪ್ ಮಾಡಿದ್ದ ಹುಟ್ಟುಹಬ್ಬಗಳು ಮಾತ್ರ ಹಿಂದಿನ ದಿನಕ್ಕೂ ಚಾಚಿಕೊಂಡವು. ಅವನ್ನು ಇಬ್ಬರೂ ಕೂತು ಒಂದೊಂದಾಗಿ ತಿದ್ದಿದೆವು.